ಈಟಿಮೊನೆಯ ಎಂಜಲು

ಕೈ ತೊಳೆದುಕೊಂಡು ಬನ್ನಿ, ಆಮೇಲೆ ಮಾತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಹೇಳುತ್ತಿದ್ದ ಮೊದಲ ಮಾತು ಅದು. ಎರಡನೆಯದು, ಬಳೆ ಉಂಗುರ ತೆಗೆದಿಡಿ ಅನ್ನುವುದು. ಮೂರನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಜನ ನನ್ನನ್ನು ಸಿಡುಕಿ ಅಂತ ತೀರ್ಮಾನ ಮಾಡಿಬಿಟ್ಟಿರುತ್ತಿದ್ದರು. ಅವರ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ.

ದಿಂಡಿಗಲ್ ಕಡೆಯ ಒಂದು ಹಳೆಯ ಮಿಷನ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ನಾನು ಸಂರಕ್ಷಣೆಯ ಕೆಲಸ ಮಾಡಿದೆ. ಹಳೆಯ ಸಾಮಾನು ಹುಳ ಹಿಡಿಯದಂತೆ, ಬಿರುಕು ಬಿಡದಂತೆ, ಮುಖ್ಯವಾಗಿ ಶುಚಿ ಮಾಡುವ ಹುಮ್ಮಸ್ಸಿನವರ ಕೈಗೆ ಸಿಗದಂತೆ ನೋಡಿಕೊಳ್ಳುವ ಕೆಲಸ. ಹುಟ್ಟಿದ್ದು ಉತ್ತಮಪಾಳಯದಲ್ಲಿ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಜನ ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ಕಂಬಂ ಕಣಿವೆಗೆ ಇಳಿದವರು. ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ನನಗೆ ಕನ್ನಡ ಓದು ಬರಹ ಬಂದದ್ದು ಮೈಸೂರಿಗೆ ತರಬೇತಿಗೆ ಹೋದಾಗ. ಅಲ್ಲಿನ ತರಬೇತಿ ಶಾಲೆಯವರೇ ಈಗ ಫೋನು ಮಾಡಿ, ಹೊಸ ಹುಡುಗಿಯರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದರು. ನಿವೃತ್ತಿಯಾಗಿ ಪೆರಿಯಕುಳಂನಲ್ಲಿ ಕೂತವಳಿಗೆ ಬೇರೆ ಕೆಲಸವೂ ಇರಲಿಲ್ಲ, ಒಪ್ಪಿಕೊಂಡೆ.

ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಅನ್ನುವುದು ನಿಮಗೆ ಬೇಡ. ನಮ್ಮ ಹತ್ತಿರ ಒಂದು ತಟ್ಟೆ ಸಾಮಾನು ಇತ್ತು, ಅದರಿಂದ ಶುರು ಮಾಡುತ್ತೇನೆ.

ಕಾಲೇಜನ್ನು ನಡೆಸುತ್ತಿದ್ದ ಬಿಳಿಯ ಪಾದ್ರಿಗಳಲ್ಲಿ ಒಬ್ಬರ ಅಣ್ಣ ಉತ್ತರ ಧ್ರುವದ ಕಡೆ ಹೋದ ಅನ್ವೇಷಣೆಯ ಹಡಗಿನಲ್ಲಿ ಇದ್ದನಂತೆ. ಅಲ್ಲಿನ ಇನುಯಿಟ್ ಜನರಿಂದ ತಂದ ಸಾಮಾನು ತಮ್ಮನ ಪಾಲಿಗೆ ಬಂದು, ತಮ್ಮನ ಪೆಟ್ಟಿಗೆಯೊಳಗೆ ಕೂತು, ಮಂಜುಗಡ್ಡೆಯ ದೇಶದಿಂದ ದಿಂಡಿಗಲ್ಲಿನ ಬೇಗೆಗೆ ಬಂದು ಬಿದ್ದಿತ್ತು. ಒಂದನ್ನು ಬಿಟ್ಟರೆ ಎಲ್ಲವೂ ವಾಲ್ರಸ್‌ನ ಕೋರೆಯಲ್ಲಿ ಕೆತ್ತಿದವು. ವಾಲ್ರಸ್ ಅಂದರೆ ಆ ಕಡಲಿನ ದೊಡ್ಡ ಪ್ರಾಣಿ, ಮೊಳದುದ್ದದ ಎರಡು ಕೋರೆಹಲ್ಲು ಬಾಯಿಂದ ಕೆಳಗೆ ಇಳಿಬಿಟ್ಟಿರುತ್ತದೆ. ಹಿಮ ಕೊಯ್ದು ಗುಡಿಸಲು ಕಟ್ಟುವ ಚಾಕು, ಸೂಜಿ ಇಡುವ ಕೊಳವೆ, ಹಗ್ಗ ಕಟ್ಟಿ ಎಸೆಯುವ ಈಟಿಯ ಮೊನೆ, ತೂತು ಕೊರೆಯುವ ಬೈರಿಗೆ. ಬೈರಿಗೆಯ ಜೊತೆ ಒಂದು ಮೂಳೆಯ ತುಂಡು ಇತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಬೈರಿಗೆಯ ನೆತ್ತಿಯನ್ನು ಒತ್ತಿ ಹಿಡಿಯುತ್ತಿದ್ದರು, ಎರಡು ಕೈಯೂ ಬೇರೆ ಕೆಲಸಕ್ಕೆ ಬಿಡುವಾಗಲಿ ಅಂತ. ಆ ತುಂಡಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು.

ಪಕ್ಕದ ಚೀಟಿಯಲ್ಲಿ ಹಡಗಿನ ಹೆಸರು, ಕಪ್ತಾನನ ಹೆಸರು, ಪಾದ್ರಿಯ ಹೆಸರು. ಕೆತ್ತಿದವನ ಹೆಸರಿಲ್ಲ. ಅಷ್ಟು ಹಲ್ಲು ಸವೆಸಿದವನು ಯಾರು ಅಂತ ಒಂದು ಸಾಲು ಬರೆಯಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಆ ಚೀಟಿ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನನ್ನ ಮೇಲಿನವರು ಫಾದರ್ ಸೂಸೈ. ಸಂಗ್ರಹಾಲಯದ ಮುಖ್ಯಸ್ಥರು, ಒಳ್ಳೆಯ ಮೇಷ್ಟ್ರು, ಬೆಳಗಿನ ಕಾಫಿಗೆ ಮುಂಚೆ ಯಾರ ಮಾತೂ ಕೇಳದವರು. ದಂತ ಗುರುತಿಸುವುದನ್ನು ನನಗೆ ಕಲಿಸಿದ್ದು ಅವರೇ. ಆನೆಯ ದಂತವನ್ನು ಅಡ್ಡಕ್ಕೆ ಕೊಯ್ದ ಕಡೆ ಭೂತಗನ್ನಡಿ ಹಿಡಿದರೆ ಗೆರೆಗಳು ಒಂದನ್ನೊಂದು ಹಾಯ್ದು ಚಾಪೆಯ ನೇಯ್ಗೆಯ ಹಾಗೆ ಕಾಣುತ್ತವೆ. ವಾಲ್ರಸ್ ಕೋರೆಯ ತಿರುಳಿನಲ್ಲಿ ಆ ನೇಯ್ಗೆ ಇಲ್ಲ, ಆರಿದ ಸಬ್ಬಕ್ಕಿ ಗಂಜಿಯ ಹಾಗೆ ಕಾಳು ಕಾಳು. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಅದೇ ಫಾದರ್ ಒಂದು ಸಲ ಬಿಷಪ್ಪರು ಬರುತ್ತಾರೆಂದು ಆ ತಟ್ಟೆಯ ಸಾಮಾನನ್ನೆಲ್ಲ ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಹಾಕಿಸಿದರು. ನಾನು ರಜೆಯಲ್ಲಿದ್ದೆ. ದಂತಕ್ಕೆ ನೀರು ಆಗದು. ಹೀರಿಕೊಂಡು ಉಬ್ಬುತ್ತದೆ, ಒಣಗುವಾಗ ಸೀಳುತ್ತದೆ. ಬಿಷಪ್ಪರು ಬಂದು ಪಾಯಸ ಉಂಡು ಹೋದರು. ಅದೇ ವಾರ ಹಿಮದ ಚಾಕು ಟಪ್ ಎಂದು ಉದ್ದಕ್ಕೂ ಬಿರುಕು ಬಿಟ್ಟಿತು. ಫಾದರ್ ನನ್ನ ಬೈಗುಳಕ್ಕೆ ಕಾಯಲಿಲ್ಲ. ಸೀಳಿದ ಚಾಕನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು, ಸಾಯುವವರೆಗೂ ಅದು ಅಲ್ಲೇ ಇತ್ತು. ಬಂದ ಅತಿಥಿಗಳು ಏನಿದು ಎಂದರೆ, ನನ್ನ ಅವಸರ ಅನ್ನುತ್ತಿದ್ದರು.

ಹಾಗಾದರೆ ಶುಚಿ ಮಾಡುವುದು ಹೇಗೆ? ನಾನು ಸೇರಿದ ಹೊಸದರಲ್ಲಿ ಎಣ್ಣೆ ಬಳಿಯುತ್ತಿದ್ದರು, ಆಮೇಲೆ ವಾರ್ನಿಶ್ ಬಂತು, ಆಮೇಲೆ ಹಿಂದಿನವರು ಬಳಿದ ವಾರ್ನಿಶ್ಶನ್ನು ಕೀಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಮೈಸೂರಿನಲ್ಲಿ ಕಲಿಸಿದ ವಿಧಾನ ಕೇಳಿ ಮೊದಲ ದಿನ ನನಗೆ ವಾಕರಿಕೆ ಬಂದಿತ್ತು. ಬಿದಿರುಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲಿಟ್ಟು ತೇವ ಮಾಡಿ, ವಸ್ತುವಿನ ಮೇಲೆ ಮೆಲ್ಲಗೆ ಉರುಳಿಸುವುದು. ಕೊಳೆಯಾದ ಹತ್ತಿಯನ್ನು ಎಸೆದು ಹೊಸದು ತೆಗೆದುಕೊಳ್ಳುವುದು. ಹೌದು, ಎಂಜಲು. ಅದರಲ್ಲಿ ಗಂಜಿ, ಹಿಟ್ಟು, ಜಿಡ್ಡನ್ನೆಲ್ಲ ಕರಗಿಸುವ ಗುಣ ಇದೆ. ದಂತಕ್ಕೆ ಬೇಕಾದಷ್ಟೇ ತೇವ, ಹೆಚ್ಚಿಲ್ಲ. ದೇಶವಿದೇಶದ ದೊಡ್ಡ ಸಂಗ್ರಹಾಲಯಗಳಲ್ಲೂ ಹೀಗೇ ಮಾಡುತ್ತಿದ್ದರು. ಕೊರೊನಾ ಬಂದ ಮೇಲೆ ನಮ್ಮಲ್ಲಿ ನಿಂತುಹೋಯಿತು. ಈಗ ನಿಮಗೆ ಬಾಟಲಿಯಲ್ಲಿ ತಯಾರಿಸಿದ ದ್ರಾವಣ ಸಿಗುತ್ತದೆ, ನೀವು ಪುಣ್ಯವಂತರು.

ನಮ್ಮದು ಎಂಜಲು ಅಂದರೆ ಬೆಚ್ಚಿ ಬೀಳುವ ಮನೆ. ಲೋಟವನ್ನು ತುಟಿಗೆ ತಾಗಿಸಿ ಕುಡಿದರೆ ಅಮ್ಮ ಆ ಲೋಟವನ್ನು ಹಿತ್ತಲಿಗೆ ಎಸೆಯುತ್ತಿದ್ದಳು. ನನ್ನ ಕೆಲಸ ಇಂಥದ್ದು ಅಂತ ಹೇಳಿದ ದಿನದಿಂದ, ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಬಾಗಿಲಲ್ಲೇ ನೀರಿನ ಚೊಂಬು ಹಿಡಿದು ನಿಂತಿರುತ್ತಿದ್ದಳು. "ಬಾಯ್ ತೊಳ್ಕೊಂಡು ಒಳೀಕ್ ಬಾ."

ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ನಾನು ನಿವೃತ್ತಳಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು.

ಮೇಲಿನ ಗುಡ್ಡದ ಕಾಡಿನಲ್ಲಿ ಒಂದು ಗಂಡಾನೆ ಸತ್ತು ಬಿದ್ದಿತ್ತು. ದಂತ ಕೊಯ್ದುಕೊಂಡು ಹೋಗಿದ್ದರು. ಪೇಪರಿನಲ್ಲಿ ಮುಖವಿಲ್ಲದ ಆನೆಯ ಚಿತ್ರ ಬಂದು ಗದ್ದಲವಾಯಿತು. ಕಣಿವೆಯ ಊರುಗಳಲ್ಲಿ ಬೆಳ್ಳಗಿನದು ಏನೇ ಇಟ್ಟುಕೊಂಡವರನ್ನೂ ವಿಚಾರಿಸತೊಡಗಿದರು. ಹಾಗೆ ಸಿಕ್ಕಿಬಿದ್ದವರು ಪೂಜಾರಿ ಬೊಮ್ಮಯ್ಯ, ಕಾಮಯಗೌಂಡನ್‌ಪಟ್ಟಿಯ ಆಚೆಯ ಒಂದು ಹಳ್ಳಿಯವರು, ನಮ್ಮ ಜನ.

ಆ ಹಳ್ಳಿಯಲ್ಲಿ ದೇವರ ಮಂದೆ ಇದೆ. ದೇವರಿಗೆ ಬಿಟ್ಟ ಹಸುಗಳು. ಅವುಗಳ ಹಾಲನ್ನು ಯಾರೂ ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ, ಸತ್ತರೆ ಮನುಷ್ಯರ ಹಾಗೆ ಹೂಳುತ್ತಾರೆ. ಮಂದೆಯನ್ನು ನೋಡಿಕೊಳ್ಳುವವರೇ ಪೂಜಾರಿ. ದೊಡ್ಡಿಯ ಪಕ್ಕದ ಪೆಟ್ಟಿಗೆಯಲ್ಲಿ ಹಿರೀಕನ ಮುಳ್ಳುಗೋಲಿನ ಮೊನೆ ಇತ್ತು. ದನ ಹೊಡೆದುಕೊಂಡು ಈ ಕಣಿವೆಗೆ ಬಂದ ಮೂಲಪುರುಷ ಕೈಯಲ್ಲಿ ಹಿಡಿದಿದ್ದ ಕೋಲಿನ ತುದಿ ಅಂತ ಊರಿನ ನಂಬಿಕೆ. ಹಬ್ಬದಲ್ಲಿ ಅದಕ್ಕೆ ಹಾಲು, ಅಕ್ಕಿಹಿಟ್ಟು, ಅರಿಶಿನ. ಯಾರೋ ಅದು ದಂತ ಅಂತ ಅರಣ್ಯದವರಿಗೆ ಹೇಳಿದರು. ಬಂದು ಪೆಟ್ಟಿಗೆಯ ಸಮೇತ ಒಯ್ದರು, ಬೊಮ್ಮಯ್ಯನವರನ್ನೂ ಒಯ್ದರು. ವಯಸ್ಸಾದವರು, ಉಬ್ಬಸದ ರೋಗಿ. ಜಾಮೀನು ಸಿಗದೆ ಜೈಲಿನಲ್ಲಿದ್ದರು.

ಸೀಲು ಹಾಕಿದ ಪೊಟ್ಟಣ ಹಿಡಿದುಕೊಂಡು ರೇಂಜರ್ ನಮ್ಮಲ್ಲಿಗೆ ಬಂದರು. ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ದೊಡ್ಡ ಲ್ಯಾಬಿಗೆ ಕಳಿಸಿದರೆ ಉತ್ತರ ಬರಲು ತಿಂಗಳುಗಟ್ಟಲೆ ಆಗುತ್ತದೆ, ಅದಕ್ಕೇ ಕೋರ್ಟು ನಿಮ್ಮ ಅಭಿಪ್ರಾಯ ಕೇಳಿದೆ ಎಂದರು. ಆನೆಯದಾದರೆ ಮುದುಕರಿಗೆ ವರ್ಷಗಟ್ಟಲೆ ಶಿಕ್ಷೆ, ಅಲ್ಲದಿದ್ದರೆ ಬಿಡುಗಡೆ.

"ನಿಮಗೇನು ಅನ್ನಿಸುತ್ತೆ?" ಎಂದು ಕೇಳಿದೆ.

"ನನಗೆ ಅನ್ನಿಸಿದ್ದನ್ನ ಯಾರೂ ಕೇಳಲ್ಲ ಮೇಡಂ. ಆನೆ ಸತ್ತಿದೆ. ಮೇಲಿಂದ ದಿನಾ ಫೋನು."

ಪೊಟ್ಟಣ ಬಿಚ್ಚಿದೆ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಹಳದಿ ಉಂಡೆ. ಹಾಲು, ಹಿಟ್ಟು, ಅರಿಶಿನ ಪದರ ಪದರವಾಗಿ ಕೂತು ಕಲ್ಲಾಗಿತ್ತು. ಆದರೆ ಆಕಾರ ಮುಚ್ಚಿರಲಿಲ್ಲ. ನಡುವೆ ಹಗ್ಗದ ತೂತು, ಹಿಂದೆ ಕೋಲು ಸಿಕ್ಕಿಸುವ ಗುಳಿ, ಪಕ್ಕಕ್ಕೆ ಚಾಚಿದ ಮುಳ್ಳು. ಎದ್ದು ಹೋಗಿ ತಟ್ಟೆಯನ್ನೇ ತಂದು ಪಕ್ಕದಲ್ಲಿ ಇಟ್ಟೆ. ಇನುಯಿಟ್ ಈಟಿಮೊನೆಯೂ ಇದೂ ಒಂದೇ ಕೈ ಮಾಡಿದ ಹಾಗಿದ್ದವು.

ಫಾದರ್ ಬಂದು ನೋಡಿದರು. "ಆಕಾರ ಸಾಕ್ಷಿ ಆಗಲ್ಲ, ಗಿರಿಜಾ. ಆನೆ ದಂತದಲ್ಲೂ ಇದೇ ಆಕಾರ ಕೆತ್ತಬಹುದು ಅಂತ ಸರ್ಕಾರಿ ವಕೀಲರು ಕೇಳ್ತಾರೆ. ತುದಿ ಶುಚಿ ಮಾಡಿ ಒಳಗಿನ ಕಾಳು ನೋಡಬೇಕು."

ಸ್ಪಿರಿಟ್ ಹಚ್ಚಿ ನೋಡಿದೆ, ಆ ಪದರ ಜಗ್ಗಲಿಲ್ಲ. ಕೆರೆದರೆ ದಂತವೂ ಏಳುತ್ತದೆ. ನೀರಿನಲ್ಲಿ ನೆನೆಸಿದರೆ ಏನಾಗುತ್ತದೆ ಎಂಬುದಕ್ಕೆ ಫಾದರ್ ಮೇಜಿನ ಮೇಲೆ ಚಾಕು ಇತ್ತು. ಹಿಟ್ಟು, ಹಾಲಿನ ಪದರವನ್ನು ಕರಗಿಸುವುದು ಒಂದೇ ಒಂದು.

ಆ ಹೊತ್ತಿಗೆ ವೀರಮ್ಮ ಬಂದರು, ಬೊಮ್ಮಯ್ಯನವರ ಹೆಂಡತಿ. ನಮ್ಮ ಮಾತಾಡುವ ಹೆಂಗಸು ಇಲ್ಲಿದ್ದಾಳೆಂದು ಯಾರೋ ಹೇಳಿದ್ದರಂತೆ. ಮೂರು ಬಸ್ಸು ಹತ್ತಿ ಇಳಿದು, ಬಟ್ಟೆ ಸುತ್ತಿದ ಚೊಂಬಿನಲ್ಲಿ ಮಂದೆಯ ಹಾಲು ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದರು.

"ತಾಯಿ, ನೀನು ನಮ್ಮ ಮಾತಾಡ್ತೀಯಂತೆ, ನಿಜಮಾ?"

"ಆಮಾ ಅಕ್ಕಾ. ಒಳಗೆ ಬನ್ನಿ."

"ಒಳೀಕ್ ಬ್ಯಾಡ. ಸಾಮಿ ಒಳಗದೆ. ನಾವು ಹೆಂಗಸ್ರು ಅದರ ಹತ್ರ ಹೋಗ್ಬಾರ್ದು." ಹೊಸ್ತಿಲ ಆಚೆ ಕೂತುಕೊಂಡರು. "ಹಾಲು ತಂದಿವ್ನಿ. ಅದ್ಕೆ ಹಾಲಿಲ್ದೆ ಎಷ್ಟ್ ದಿನ ಆಯ್ತೋ. ಅವ್ರು ಆನೆ ದಿಕ್ಕೇ ಹೋದೋರಲ್ಲ ತಾಯಿ. ಮಂದೆ ಬುಟ್ಟು ಎಲ್ಲೂ ಹೋಗ್ನಿಲ್ಲ. ಮಲಗಿದ್ರೆ ಮೂಚ್ಚು ಕಟ್ತದೆ ಅವ್ರಿಗೆ, ಉಸ್ರಾಡಾಕ್ ಆಗಲ್ಲ, ಕೂತ್ಕೊಂಡೇ ನಿದ್ದೆ ಮಾಡೋರು. ಅಲ್ಲಿ ಕೂತ್ಕೊಳಾಕ್ ಗೋಡೆ ಪಕ್ಕ ಜಾಗ ಕೊಟ್ಟವ್ರೋ ಇಲ್ವೋ."

ಕಾಫಿ ಕೊಟ್ಟರೆ ಬೇಡವೆಂದರು. ನಾನು ಅವರ ಪಕ್ಕದಲ್ಲೇ ಹೊಸ್ತಿಲ ಆಚೆ ಕೂತೆ. ಮೊನೆ ಯಾವಾಗಿನಿಂದ ಪೆಟ್ಟಿಗೆಯಲ್ಲಿದೆ ಎಂದು ಕೇಳಿದೆ. ಹಿರೀಕನ ಕಾಲದ್ದು ಅಂತ ಶುರು ಮಾಡಿದವರು ಆಮೇಲೆ ತಾವಾಗಿಯೇ ಹೇಳಿದರು: ನಡುವೆ ಒಂದು ಸಲ ಅದು ಕಳೆದುಹೋಗಿತ್ತು. ಬೊಮ್ಮಯ್ಯನವರ ತಾತ ಬೆಟ್ಟದ ಮೇಲಿನ ಎಸ್ಟೇಟಿನ ದೊರೆಯ ಹತ್ತಿರ ದನ ಕಾಯುತ್ತಿದ್ದರು. ದೊರೆ ಬಂಗಲೆ ಬಿಟ್ಟು ಹೋದ ಮೇಲೆ ಅಲ್ಲಿ ಬಿದ್ದಿದ್ದ ಕಸದಲ್ಲಿ ತಾತನಿಗೆ ಮೊನೆ ಸಿಕ್ಕಿತು. ಹಿರೀಕನೇ ತಿರುಗಿ ಕೊಟ್ಟ ಅಂತ ತಲೆಯ ಮೇಲೆ ಹೊತ್ತುಕೊಂಡು ಇಳಿದರು, ಊರೇ ಎದುರು ಬಂತು.

ನಮ್ಮ ಪಾದ್ರಿಯ ಹಾಗೆ ಆ ದೊರೆಗೂ ಹಡಗಿನಲ್ಲಿ ಯಾರೋ ಇದ್ದಿರಬೇಕು. ಕಡಲಪ್ರಾಣಿಯನ್ನು ಹೊಡೆಯುವ ಮೊನೆ ದನ ಹೊಡೆಯುವ ಜನರ ಕೈಗೆ ಸಿಕ್ಕಿ ಅವರ ಕಣ್ಣಿಗೆ ಮುಳ್ಳುಗೋಲಿನ ತುದಿಯಾಗಿ ಕಂಡಿತ್ತು. ತೂತು ಇದೆ, ಗುಳಿ ಇದೆ, ಮುಳ್ಳಿದೆ. ದನದವರು ಇನ್ನೇನೆಂದು ತಿಳಿದಾರು? ಆದರೆ ಒಳಗಿನ ಕಾಳು ನೋಡದೆ ಅದನ್ನು ಆಕೆಗೆ ಹೇಳುವ ಹಾಗಿರಲಿಲ್ಲ.

ಫಾದರ್ ನನ್ನನ್ನು ಪಕ್ಕಕ್ಕೆ ಕರೆದರು. "ಕಳಿಸಿಬಿಡು ಅವರನ್ನ. ನಿನ್ನ ಕೆಲಸ ಮಾಡಿ ಮುಗಿಸು, ಹೇಗೆ ಮಾಡಿದೆ ಅಂತ ಹೇಳಬೇಡ. ಗೊತ್ತಿಲ್ಲದಿದ್ದರೆ ಮೈಲಿಗೆ ಎಲ್ಲಿಂದ ಬಂತು?"

"ನಿಮ್ಮ ಪೂಜೆಯ ಬಟ್ಟಲಿಗೆ ನಾನು ಬಾಯಿ ಹಚ್ಚಿ, ಒರೆಸಿ, ಏನೂ ಹೇಳದೆ ಇಟ್ಟರೆ ಆಗಬಹುದಾ ಫಾದರ್?"

ಅವರು ಹೊಸ್ತಿಲಾಚೆ ಕೂತ ವೀರಮ್ಮನ ಕಡೆ ನೋಡಿದರು. ಆಮೇಲೆ, "ಹೇಳು. ಆದರೆ ಆ ಮನುಷ್ಯ ಜೈಲಿನಲ್ಲಿ ಉಸಿರಿಲ್ಲದೆ ಕೂತಿದ್ದಾನೆ, ಅದನ್ನೂ ಹೇಳು" ಎಂದು ಹೋದರು.

ಹೇಳಿದೆ. ವೀರಮ್ಮ ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದರು.

"ಎಂಜಲಾ? ಸಾಮಿಗಾ?"

"ಬೇರೆ ದಾರಿ ಇದ್ದಿದ್ದರೆ ನಿಮ್ಮ ಹತ್ತಿರ ಈ ಮಾತೆತ್ತುತ್ತಿರಲಿಲ್ಲ ಅಕ್ಕಾ."

"ಎಂಜಲಾದ್ರೆ ತಿರುಗಿ ಪೆಟ್ಟಿಗೆಗೆ ಬರಾಂಗಿಲ್ಲ. ಮಂದೆಗೆ ಸಾಮಿ ಇಲ್ದಂಗಾಯ್ತದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರನ್ನ ಕೇಳ್ಬೇಕು."

ಜೈಲಿಗೆ ಹೋಗಿ ಗಂಡನನ್ನು ಕೇಳಿದರು. ಮರುವಾರ ನನ್ನ ಹೊಸ್ತಿಲಿಗೆ ಬಂದು ಅವರ ಉತ್ತರ ಹೇಳಿದರು: "ಸಾಮೀನ ಎಂಜಲು ಮಾಡಿ ನನ್ನ ಬುಡ್ಸೋದಾದ್ರೆ ಬ್ಯಾಡ. ನಾ ಇಲ್ಲೇ ಇರ್ತೀನಿ." ಇಷ್ಟೇ ಅಂದು ಗೋಡೆಯ ಕಡೆ ತಿರುಗಿ ಕೂತರಂತೆ.

ರೇಂಜರ್ ಬಂದು ಕೂತಾಗಲೆಲ್ಲ ನಾನು ಬೇರೆ ಬೇರೆ ಪ್ರಯತ್ನ ಮಾಡಿದೆ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ, ಆವಿ, ಒಣ ಕುಂಚ. ಹಳದಿ ಕಿತ್ತು ಬರಲಿಲ್ಲ, ನೀರು ತಾಗಿದ ಕಡೆ ಕೂದಲೆಳೆಯಷ್ಟು ಬಿರುಕು ಕಂಡು ನಿಲ್ಲಿಸಿದೆ. ಬೇರೆ ದ್ರಾವಣಕ್ಕೆ ದೊಡ್ಡ ಊರಿಗೆ ಬರೆದೆ, ಬರುತ್ತದೆ ಬರುತ್ತದೆ ಅಂದರು, ಬರಲಿಲ್ಲ. ರೇಂಜರ್ ಒಂದು ದಿನ ಬಂದು, ಮುದುಕರನ್ನು ಜೈಲಿನ ಆಸ್ಪತ್ರೆಗೆ ಹಾಕಿದ್ದಾರೆ, ಬೇಗ ಏನಾದರೂ ಮಾಡಿ ಮೇಡಂ ಎಂದರು. ಆ ದಿನ ನಾನು ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಿಯ ಹತ್ತಿರ ತಂದು ಕೆಳಗಿಟ್ಟೆ. ಅಮ್ಮ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದು ಕಣ್ಣೆದುರು ಬಂತು.

ವೀರಮ್ಮ ಮತ್ತೆ ಬಂದದ್ದು ಕೈಯಲ್ಲಿ ಚೊಂಬಿಲ್ಲದೆ. ರೇಂಜರ್ ಕೂಡ ಅಲ್ಲೇ ಇದ್ದರು, ಅವರ ಎದುರಿಗಲ್ಲದೆ ಪೊಟ್ಟಣ ಬಿಚ್ಚುವ ಹಾಗಿರಲಿಲ್ಲ. ಆಕೆ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ಕಾಲೆತ್ತಿ ಒಳಗಿಟ್ಟರು. ನೇರ ನನ್ನ ಮೇಜಿನ ಹತ್ತಿರ ಬಂದರು.

"ಮಾಡು ತಾಯಿ."

"ಅವರು ಒಪ್ಪಿದರಾ?"

"ಅವ್ರು ಮಾತಾಡಾಂಗಿಲ್ಲ ಈಗ. ಮೂತಿಗೆ ರಬ್ಬರ್ ಹಾಕವ್ರೆ." ಕೈ ಚಾಚಿದರು. "ಮಾಡು. ಆದ್ರೆ ನಿನ್ನ ಎಂಜಲು ಬ್ಯಾಡ. ನೀನು ಕೂಲಿಗೆ ಮಾಡೋಳು, ನಿನಗ್ಯಾಕೆ ಆ ಪಾವಂ. ನಂದೇದಾ, ನನ್ನ ಎಂಜಲೇ ಹಚ್ಚು."

ಕಡ್ಡಿ ಕೊಟ್ಟೆ. ಹತ್ತಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ರೇಂಜರ್ ಕಿಟಕಿಯ ಕಡೆ ತಿರುಗಿದರು. ತೇವವಾದ ಹತ್ತಿಯನ್ನು ನನ್ನ ಕೈಗೆ ಕೊಟ್ಟರು, ನಾನು ಮೊನೆಯ ತುದಿಯಲ್ಲಿ ಉರುಳಿಸಿದೆ. ಹಳದಿ ಹತ್ತಿಗೆ ಬಂತು. ಇನ್ನೊಂದು ಕೊಟ್ಟೆ. ಮತ್ತೊಂದು. ಬಾಯಿ ಒಣಗಿದಾಗ ನೀರು ಕುಡಿಯಲಿಲ್ಲ, ಸುಮ್ಮನೆ ಕೂತು ಕಾದು ಮತ್ತೆ ಕೈ ಚಾಚಿದರು. ಮಧ್ಯಾಹ್ನದ ಊಟದ ಗಂಟೆ ಹೊಡೆದು ಕಾಲೇಜು ಖಾಲಿಯಾಗಿ ಮತ್ತೆ ತುಂಬಿತು. ನಾವು ಮೂವರೂ ಏಳಲಿಲ್ಲ.

ಮೊದಲು ಕೆತ್ತನೆ ಕಂಡಿತು. ಸಣ್ಣ ಸಣ್ಣ ವೃತ್ತಗಳು, ಒಂದೊಂದರ ನಡುವೆ ಒಂದು ಚುಕ್ಕೆ, ಸಾಲಾಗಿ. ನಮ್ಮ ತಟ್ಟೆಯಲ್ಲಿದ್ದ ಮೊನೆಯ ಮೇಲೂ ಅದೇ ಸಾಲು ಇತ್ತು. ಆಮೇಲೆ ತುದಿಯ ಹೊಳಪು ಬಂತು. ಭೂತಗನ್ನಡಿ ಹಿಡಿದೆ. ನೇಯ್ಗೆ ಇಲ್ಲ. ಕಾಳು ಕಾಳು, ಸಬ್ಬಕ್ಕಿ ಗಂಜಿ.

"ಆನೆಯದಲ್ಲ" ಎಂದೆ ರೇಂಜರಿಗೆ. ಅವರೂ ಕನ್ನಡಿಯಲ್ಲಿ ನೋಡಿ ಕುರ್ಚಿಯ ಮೇಲೆ ಕುಸಿದು ಕೂತರು.

ವೀರಮ್ಮ ನನ್ನ ಪಕ್ಕದ ತಟ್ಟೆಯಲ್ಲಿದ್ದ ಅದರ ಜೋಡಿ ಮೊನೆಯನ್ನು ನೋಡುತ್ತಿದ್ದರು. ಒಂದನ್ನು ನೋಡಿ ಇನ್ನೊಂದನ್ನು ನೋಡಿ ಕೇಳಿದರು. "ಇದು ನಮ್ಮ ಹಿರೀಕನದ್ದಲ್ಲ, ಅಲ್ವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಲ್ಲ ಅಕ್ಕಾ. ಬಹಳ ದೂರದ ಯಾವುದೋ ಬೇಟೆಗಾರನದು."

ಆಕೆ ತಲೆಯಾಡಿಸಿದರು. ಅಳಲಿಲ್ಲ. "ಅವ್ರು ಬರ್ತಾರಲ್ಲ, ಸಾಕು" ಎಂದರು.

ವರದಿ ಹೋಯಿತು, ಕೋರ್ಟು ಒಪ್ಪಿತು, ಬೊಮ್ಮಯ್ಯ ಹೊರಬಂದರು. ರೇಂಜರೇ ಜೀಪಿನಲ್ಲಿ ಅವರನ್ನು ನಮ್ಮಲ್ಲಿಗೆ ಕರೆತಂದರು, ಮೊನೆಯನ್ನು ರಶೀದಿ ಹಾಕಿ ಕೊಡಬೇಕಿತ್ತು. ಎಲುಬಿನ ಮೇಲೆ ಅಂಗಿ ತೂಗುಹಾಕಿದ ಹಾಗಿದ್ದರು. ಮೊನೆಯನ್ನು ನೋಡಿದರು, ಕೈ ಚಾಚಲಿಲ್ಲ. ತುದಿ ಬೆಳ್ಳಗಿತ್ತಲ್ಲ, ಹೇಗೆ ಬೆಳ್ಳಗಾಯಿತೆಂದು ಅವರಿಗೆ ತಿಳಿಯಿತು.

"ಯಾರು ಮಾಡಿದ್ದು?" ಎಂದು ಕೇಳಿದರು.

"ನಾನೇದಾ" ಎಂದರು ವೀರಮ್ಮ.

"ಇಲ್ಲೇ ಇಟ್ಕೊಳ್ಳಿ" ಎಂದು ನನಗೆ ಹೇಳಿ ಬೊಮ್ಮಯ್ಯ ಹೊರಗೆ ನಡೆದರು. ಹೀಗೆ ಅದು ನಮ್ಮ ತಟ್ಟೆಗೆ ಸೇರಿತು. ಅದರ ಚೀಟಿಯ ಮೇಲೆ ಕಂಬಂ ಕಣಿವೆಯ ಆ ಹಳ್ಳಿಯ ಹೆಸರನ್ನು ನಾನೇ ಬರೆದೆ, ಯಾಕೆಂದು ಈಗ ನಿಮಗೆ ಗೊತ್ತಾಯಿತು.

ಊರಿನವರು ಗಂಡ ಹೆಂಡತಿ ಇಬ್ಬರನ್ನೂ ದೂರಲಿಲ್ಲ. ನಮ್ಮ ಪೂಜಾರಿ ಬದುಕಿ ಬಂದರಲ್ಲ ಎಂದರು, ಮಂದೆಗೆ ಹೊಸ ಮೊನೆ ಮಾಡಿಸೋಣ ಎಂದರು. ಬೊಮ್ಮಯ್ಯನವರೇ ದೊಡ್ಡಿಯ ಒಳಗೆ ಕಾಲಿಡಲಿಲ್ಲ. ಬೇಲಿಯ ಆಚೆ ಕೂತು ದನ ನೋಡುತ್ತಿದ್ದರು. ಹೆಂಡತಿಯ ಕೈಯ ಅನ್ನವನ್ನೂ ಬಿಟ್ಟರು. ತಾವೇ ಮೂರು ಕಲ್ಲು ಹೂಡಿ ಗಂಜಿ ಕಾಯಿಸಿಕೊಂಡರು. ಬೈಯಲಿಲ್ಲ, ಹೊಡೆಯಲಿಲ್ಲ, ಮಾತಾಡಿದರೆ ಮಾತಾಡುತ್ತಿದ್ದರು. ಆದರೆ ಆಕೆಯ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ವೀರಮ್ಮ ಹೇಳಿ. ದಿಂಡಿಗಲ್ ಕಡೆ ಬಂದಾಗಲೆಲ್ಲ ತಟ್ಟೆಯ ಮುಂದೆ ಬಂದು ನಿಲ್ಲುತ್ತಿದ್ದರು. ಒಂದು ಸಲ ಬೈರಿಗೆಯ ಪಕ್ಕದ ಮೂಳೆಯ ತುಂಡನ್ನು ತೋರಿಸಿ ಇದೇನು ಎಂದರು. ಹಲ್ಲಿನಲ್ಲಿ ಕಚ್ಚಿ ಹಿಡಿದು ತೂತು ಕೊರೆಯುವುದನ್ನು ಮಾಡಿ ತೋರಿಸಿದೆ.

"ಬಾಯಲ್ಲಿ ಕಚ್ಕೊಂಡಾ? ಹಂಗಾದ್ರೆ ಜೊಲ್ಲು ಸುರೀತಾ ಇತ್ತಲ್ವಾ, ಕೊರೆಯೋದರ ಮ್ಯಾಲೆ?"

"ಸುರಿದೇ ಸುರಿಯುತ್ತೆ."

"ಈ ತೂತು? ಈ ಚುಕ್ಕೆ?"

"ಎಲ್ಲವೂ ಹಾಗೇ ಕೊರೆದದ್ದು."

ಆಕೆಯ ಮುಖ ಅರಳಿದ್ದನ್ನು ಅಂದು ಮೊದಲ ಸಲ ಕಂಡೆ. "ಹುಟ್ಟಿದ್ದೇ ಎಂಜಲಾಗಾ! ಅಯ್ಯೋ, ತಾಯಿ, ಹುಟ್ಟಿದ್ದೇ ಎಂಜಲಾಗಾ!" ಎಂದು ನಕ್ಕರು, ಬಾಯಿಗೆ ಸೆರಗು ಹಿಡಿದು ನಕ್ಕರು. ಗಂಡನಿಗೆ ಈಗಲೇ ಹೇಳಬೇಕೆಂದು ಕಾಫಿಗೂ ನಿಲ್ಲದೆ ಬಸ್ಸಿಗೆ ಓಡಿದರು. ನಾನೂ ಪೆದ್ದಿಯ ಹಾಗೆ ಸಂತೋಷಪಟ್ಟೆ. ಇನ್ನು ಆ ಮುದುಕ ಹೆಂಡತಿಯ ಕೈಯ ತುತ್ತು ಉಣ್ಣುತ್ತಾನೆ ಅಂದುಕೊಂಡೆ.

ಆಮೇಲೆ ಬಹಳ ತಿಂಗಳು ಬರಲಿಲ್ಲ. ಬಂದಾಗ ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಹೋದ್ರು" ಎಂದರು. ಕೂರಿಸಿದೆ. ಅವರೇ ಹೇಳಿದರು.

"ಅವತ್ತು ಹೋಗಿ ಹೇಳ್ದೆ. ಹುಟ್ಟಿದ್ದೇ ಎಂಜಲಾಗೆ, ನಾ ಏನೂ ಕೆಡಿಸ್ನಿಲ್ಲ ಅಂತ. ಪೂರಾ ಕೇಳ್ಸ್ಕೊಂಡ್ರು. ಕೇಳ್ಸ್ಕೊಂಡು ಅಂದ್ರು, ಅದು ಎಂಜಲೇ ಇರ್ಬೋದು. ಆದ್ರೆ ನೀನು ಎಂಜಲು ಮಾಡ್ದಾಗ ನಿಂಗೆ ಅದು ಸಾಮಿ ಆಗಿತ್ತಲ್ಲ, ಅಂದ್ರು." ತಟ್ಟೆಯ ಕಡೆ ತಿರುಗಿದರು. "ನಿಜಾನೇ. ನಾನು ಸಾಮಿ ಅಂತ ತಿಳ್ಕೊಂಡೇ ಮಾಡ್ದೆ ತಾಯಿ. ಸಾಮಿಗಿಂತ ಅವ್ರು ಜಾಸ್ತಿ ಅಂತ ಮಾಡ್ದೆ. ಅದನ್ನ ಹೇಳಾಕ್ ನಾಚ್ಕೆ ಆಯ್ತು. ಅವ್ರೂ ಕೇಳ್ನಿಲ್ಲ. ಕಡೇಗೆ ಬಾಯಿಗೆ ನೀರ್ ಬುಡಾಕೂ ಪಕ್ಕದ್ಮನೆಯೋರ್ನ ಕರೆದ್ರು."

ನನಗೆ ಅಳು ಬಂತು. ಅಳುವುದಕ್ಕೆ ಮರೆಯಾಗಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಆ ದಿನ ವೀರಮ್ಮ ಬೇಡ ಅನ್ನಲಿಲ್ಲ. ಎತ್ತಿ ಕುಡಿಯಲೂ ಇಲ್ಲ, ಲೋಟವನ್ನು ತುಟಿಗೆ ತಾಗಿಸಿಯೇ ಕುಡಿದರು. ಕುಡಿದು, ಅಭ್ಯಾಸಬಲದಿಂದ ತೊ‍ಳೆದಿಡಲು ಎದ್ದರು. ನಾನು ಕೈಯಿಂದ ಕಸಿದುಕೊಂಡೆ. ಇಬ್ಬರೂ ಆ ಲೋಟಕ್ಕಾಗಿ ಸ್ವಲ್ಪ ಹೊತ್ತು ಎಳೆದಾಡಿದೆವು. ಕೊನೆಗೆ ಆಕೆ ಬಿಟ್ಟುಕೊಟ್ಟರು, ನಾನು ಅದನ್ನು ನಲ್ಲಿಯ ಕೆಳಗೆ ಹಿಡಿದು ನನ್ನ ಕೈಯಾರೆ ತೊಳೆದೆ.